ಎಡ ಮೂಲೆಯ ಖಿಡಕಿ

ಪಿಂಪಳಗಾಂವ್ ಬಸವಂತಿನ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಗುರುವಾರ ನನ್ನ ಕೊನೆಯ ತರಗತಿ ನಾಲ್ಕಕ್ಕೆ ಮುಗಿಯುತ್ತದೆ. ಮಕ್ಕಳು ಹೋದ ಮೇಲೆ ಬೋರ್ಡು ಒರೆಸಿ, ಎಡಗಡೆಯ ಮೇಲ್ಮೂಲೆಯಲ್ಲಿ ಅಂಗೈ ಅಗಲದ ಒಂದು ಚೌಕ ಬರೆಯುತ್ತೇನೆ. ಅದರ ಪಕ್ಕಕ್ಕೆ ನಾಲ್ಕು ಸಾಲು. ಚೌಕದೊಳಗೆ ಏನೂ ಬರೆಯುವುದಿಲ್ಲ. ಆಮೇಲೆ ಮೊದಲ ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತೇನೆ. ಹೊರಗೆ ಹೆದ್ದಾರಿಯಲ್ಲಿ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಮಾರ್ಕೆಟ್ಟಿನ ಕಡೆ ತೆವಳುತ್ತಿರುತ್ತವೆ. ಸ್ವಲ್ಪ ಹೊತ್ತಿಗೆ ಸಿಪಾಯಿ ಬಂದು ಬಾಗಿಲಲ್ಲಿ ನಿಂತು ಬೀಗದ ಕೈ ಅಲ್ಲಾಡಿಸುತ್ತಾನೆ.

"ಅಜೂನ್ ಸುಟಲಂ ನಾಹೀ, ಮ್ಯಾಡಂ?" ಎಂದು ಕೇಳುತ್ತಾನೆ. ಇನ್ನೂ ಬಿಡಿಸೋಕಾಗಲಿಲ್ಲವಾ ಅಂತ.

"ನಾಹೀ," ಎನ್ನುತ್ತೇನೆ.

ಈ ಕೆಲಸಕ್ಕೆ ಸೇರಿದ ಆರು ವರ್ಷದಿಂದ ನಮ್ಮಿಬ್ಬರ ಮಾತು ಇಷ್ಟೇ. ಮ್ಯಾಡಂ ಏನೋ ಭಾರಿ ಸಂಶೋಧನೆ ಮಾಡುತ್ತಿದ್ದಾರೆಂದು ಅವನು ಸ್ಟಾಫ್ ರೂಮಿನಲ್ಲೆಲ್ಲ ಸುದ್ದಿ ಹಬ್ಬಿಸಿದ್ದಾನೆ. ಖರೆ ಹೇಳಬೇಕೆಂದರೆ ಆ ನಾಲ್ಕು ಸಾಲಿನಲ್ಲಿ ಬಿಡಿಸುವುದಕ್ಕೆ ಏನೂ ಉಳಿದಿಲ್ಲ. ನಾನು ಅಲ್ಲಿ ಕೂತು ನೋಡುವುದು ಗಣಿತವನ್ನಲ್ಲ, ಒಂದು ಕೋಣೆಯನ್ನು. ಆ ಕೋಣೆ ಇದ್ದದ್ದು ಇಲ್ಲಿಂದ ಐದು ತಾಸಿನ ಬಸ್ ಹಾದಿಯಲ್ಲಿ. ಈಗ ಬಸ್ಸಿನ ಬೋರ್ಡಿನ ಮೇಲೆ ಛತ್ರಪತಿ ಸಂಭಾಜಿನಗರ ಎಂದಿರುತ್ತದೆ, ನಾನು ಎಂ.ಎಸ್ಸಿ ಓದುವಾಗ ಹಳೆಯ ಹೆಸರಿತ್ತು. ಯಾವ ಹೆಸರು ಓದಿದರೂ ನನ್ನ ಕಣ್ಣಿಗೆ ಬರುವುದು ಆ ಕೋಣೆಯೇ.

ನಾವು ವಿಜಯಪುರದ ಕಡೆಯವರು. ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ, ನನಗೆ ಐದು ವರ್ಷವಾದಾಗ ನಾಸಿಕಕ್ಕೆ ವರ್ಗವಾಯಿತು, ಆಮೇಲೆ ಇಲ್ಲೇ ಬೇರು ಬಿಟ್ಟೆವು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಓದು ಬರಹವನ್ನು ಅಪ್ಪ ವಾರಪತ್ರಿಕೆ ಮುಂದಿಟ್ಟು ಕಿವಿ ಹಿಂಡಿ ಕಲಿಸಿದರು. ಆದರೆ ಮಾತಿಗೆ ನಿಂತರೆ ಎರಡು ಕನ್ನಡ ಶಬ್ದದ ನಡುವೆ ಒಂದು ಮರಾಠಿ ಶಬ್ದ ಕರೆಯದೆ ಬಂದು ಕೂರುತ್ತಿತ್ತು. ವಿಜಯಪುರಕ್ಕೆ ಹೋದಾಗ ಅತ್ತೆಯ ಮಕ್ಕಳು ನನ್ನ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೀಗಾಗಿ ನಾನು ಕನ್ನಡವನ್ನು ಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ.

ನಾಸಿಕದಲ್ಲಿ ಬಿ.ಎಸ್ಸಿ ಮುಗಿಸಿ ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಹೋದಾಗ ನನಗೆ ನಾನೇ ಜಾಣೆ ಎಂಬ ಸೊಕ್ಕಿತ್ತು. ಅದನ್ನು ಇಳಿಸಿದವರು ನಮಗೆ ಬೀಜಗಣಿತ ಹೇಳುತ್ತಿದ್ದ ಸರ್. ಕುಳ್ಳಗೆ, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಅಡಿಕೆಯ ತಗಡಿನ ಡಬ್ಬಿ. ಡಬ್ಬಿಯಲ್ಲಿ ಅಡಿಕೆ ಇರುತ್ತಿರಲಿಲ್ಲ, ಸೀಮೆಸುಣ್ಣದ ತುಂಡುಗಳಿರುತ್ತಿದ್ದವು. ಮೊದಲ ದಿನ ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದು ಒಂದು ಪ್ರಮೇಯ ಸಾಧಿಸಲು ಹೇಳಿದರು. ಅವನು ಭರಭರ ಬರೆಯತೊಡಗಿದ. ಸರ್ ಅವನ ಕೈಯಿಂದ ಸುಣ್ಣ ಕಸಿದುಕೊಂಡು, ಬೋರ್ಡಿನ ಎಡ ಮೂಲೆಯಲ್ಲಿ ಒಂದು ಚೌಕ ಎಳೆದರು.

"ಹೀ ಖಿಡಕಿ," ಎಂದರು. ಇದು ಕಿಟಕಿ. "ಆಧೀ ಉದಾಹರಣ ದಾಖವಾ." ಮೊದಲು ಉದಾಹರಣೆ ತೋರಿಸು.

ಅದು ಅವರ ಪದ್ಧತಿ. ಯಾವುದರ ಬಗ್ಗೆ ಮಾತಾಡುತ್ತೀಯೋ ಅಂಥದ್ದೊಂದನ್ನು ಮೊದಲು ಖಿಡಕಿಯಲ್ಲಿ ಬರೆಯಬೇಕು. ಸಮಸಂಖ್ಯೆಗಳ ಬಗ್ಗೆ ಏನೋ ಸಾಧಿಸುವುದಿದ್ದರೆ ಖಿಡಕಿಯಲ್ಲಿ ಆರು ಅಂತ ಬರೆ. ಆಮೇಲೆ ನೀನು ಬರೆಯುವ ಪ್ರತಿ ಸಾಲೂ ಆರಕ್ಕೆ ಹೊಂದಬೇಕು. ಹೊಂದದಿದ್ದರೆ ತಪ್ಪು ಸಾಲಿನದು, ಆರರದಲ್ಲ. ಖಿಡಕಿ ಬರೆಯದವರನ್ನು ಅವರು ಬೋರ್ಡಿನ ಹತ್ತಿರ ನಿಲ್ಲಗೊಡುತ್ತಿರಲಿಲ್ಲ. ನಲವತ್ತು ಜನರ ತರಗತಿ ಹಿಂದೆ ಆಡಿಕೊಳ್ಳುತ್ತಿತ್ತು. ಸರ್ ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಮೊದಲು ಉದಾಹರಣೆ ಕೇಳಿರಬೇಕು ಎಂದು ನನ್ನ ರೂಮ್‌ಮೇಟ್ ಹೇಳುತ್ತಿದ್ದಳು.

ಎರಡನೆಯ ವಾರ ನನ್ನ ಸರದಿ ಬಂತು. ಖಿಡಕಿ ಬರೆದೆ, ಉದಾಹರಣೆ ಬರೆದೆ, ಐದನೆಯ ಸಾಲಿಗೆ ಬಂದು ಸಿಕ್ಕಿಕೊಂಡೆ. ಬೆನ್ನ ಹಿಂದೆ ಮೂವತ್ತೊಂಬತ್ತು ಜನ. ನನಗೆ ಗೊತ್ತಿಲ್ಲದೆ ಬಾಯಿಂದ, "ಅಯ್ಯ, ಇದು ಎಲ್ಲಿ ತಪ್ತು?" ಅಂತ ಬಂದುಬಿಟ್ಟಿತು.

ಸರ್ ತಲೆ ಎತ್ತಿದರು. ತರಗತಿ ಮುಗಿದು ಎಲ್ಲರೂ ಹೋಗುವಾಗ ಬಾಗಿಲಲ್ಲಿ ನನ್ನನ್ನು ತಡೆದು, ಸುತ್ತ ನೋಡಿ, ಮೆಲ್ಲಗೆ ಕೇಳಿದರು.

"ಯಾ ಊರವಾ ನಿಂದು?"

ನಾನು ಬೆಪ್ಪಾಗಿ ನಿಂತೆ. "ವಿಜಾಪುರ್ರಿ ಸರ್. ಪಣ್ ನಾಸಿಕದಾಗ ಇರ್ತೀವ್ರಿ. ನೀವು ಮರಾಠಿಯವ್ರು ಅಂತ ತಿಳ್ಕೊಂಡಿದ್ದೆರಿ."

"ನಾನೂ ಹಂಗೇ ತಿಳ್ಕೊಳ್ಲಾಕತ್ತಿದ್ದೆ," ಎಂದರು. ನನ್ನ ಮರಾಠಿ ಶಬ್ದಕ್ಕೆ ಬೆರಳೆತ್ತಿ, "ಪಣ್ ಅಲ್ಲ. ಆದ್ರ ಅನ್ಬೇಕು."

ಅವರು ಬೀದರಿನ ಹತ್ತಿರದ ಹಳ್ಳಿಯವರು. ಓದಲಿಕ್ಕೆಂದು ಬಂದು ಇಲ್ಲೇ ಕೆಲಸ ಹಿಡಿದು, ಮರಾಠಿ ಮನೆತನದ ಹೆಣ್ಣು ಮದುವೆಯಾಗಿ, ಮೂವತ್ತು ವರ್ಷ ದಾಟಿತ್ತು. ಊರಿನಲ್ಲಿ ಒಬ್ಬ ಅಕ್ಕ ಇದ್ದಳಂತೆ, ರವಿವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳಂತೆ. ಅವಳು ಹೋದ ಮೇಲೆ ಕನ್ನಡವೂ ಹೋಯಿತು. "ನಾಲಿಗಿ ಜಂಗ್ ಹಿಡದದ," ಎಂದರು, ತುಕ್ಕು ಹಿಡಿದಿದೆ ಅಂತ. "ಗುರುವಾರ ನಾಲ್ಕಕ್ಕ ನಂದು ಖಾಲಿ ಇರ್ತದ. ಡೌಟ್ ಇದ್ರ ಬಾ."

ಡೌಟ್ ಇರಲಿ ಬಿಡಲಿ, ನಾನು ಹೋಗತೊಡಗಿದೆ.

ಆ ಕೋಣೆ ವಿಭಾಗದ ಹಿಂಬದಿಗಿತ್ತು. ಕಿಟಕಿಯಿಂದ ಬೋಳು ಗುಡ್ಡಗಳು ಕಾಣುತ್ತಿದ್ದವು. ಗೋಡೆಯಲ್ಲಿ ಹೊಲಿಗೆ ಯಂತ್ರದ ಮೇಜಿನಷ್ಟು ಚಿಕ್ಕ ಬೋರ್ಡು, ಎರಡು ಕುರ್ಚಿ, ಒಂದು ಮಣ್ಣಿನ ಹೂಜಿ. ಮೊದಲ ಕಾಲು ತಾಸು ಗಣಿತ ನಡೆಯುತ್ತಿತ್ತು. ಆಮೇಲೆ ಅವರು ಕುರ್ಚಿಗೆ ಒರಗಿ, "ಹಾಂ, ಈಗ ಹೇಳು. ಮನ್ಯಾಗ ಏನ್ ಮಾಡ್ಯಾರ ಇವತ್ತ?" ಎನ್ನುತ್ತಿದ್ದರು. ಹಾಸ್ಟೆಲ್ಲಿನಲ್ಲಿದ್ದರೂ ಅಮ್ಮನ ಫೋನಿನಿಂದ ನನಗೆ ಅದು ಗೊತ್ತಿರುತ್ತಿತ್ತು. ನಾಸಿಕಕ್ಕೆ ಹೋದಾಗ ಅಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ ಒಯ್ದರೆ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ದೀಪಾವಳಿಯ ಮುಂಚೆ ದೌಲತಾಬಾದಿನ ಹಾದಿಯಲ್ಲಿ ಮಾರುವ ಸೀತಾಫಲ ತಂದಿಟ್ಟು, ಬೀಜ ಎಣಿಸಿ ಉಗುಳುತ್ತ ಊರ ಸುದ್ದಿ ಹೇಳುತ್ತಿದ್ದರು. ನಾನು ಪಣ್ ಎಂದಾಗಲೆಲ್ಲ ಬೆರಳೆತ್ತಿ "ಆದ್ರ" ಎನ್ನುತ್ತಿದ್ದರು. ಅತ್ತೆಯ ಮಕ್ಕಳು ನಕ್ಕ ನನ್ನ ಕನ್ನಡವನ್ನು ಈ ಮನುಷ್ಯ ಬಾಯಾರಿದವರು ನೀರು ಕುಡಿಯುವಂತೆ ಕೇಳುತ್ತಿದ್ದರು. ನನ್ನ ಮಾತನ್ನು ಅಷ್ಟು ಆಸೆಯಿಂದ ಮತ್ತೆ ಯಾರೂ ಕೇಳಿಲ್ಲ. ಕಟ್ಟಿಕೊಂಡ ಗಂಡನೂ ಕೇಳಿಲ್ಲ, ಅವರು ಇದನ್ನು ಓದಿದರೆ ಓದಲಿ.

ಎರಡನೆಯ ವರ್ಷ ಪ್ರಬಂಧ ಬರೆಯಬೇಕಿತ್ತು. ಸರ್ ನನಗೊಂದು ವಿಷಯ ಕೊಟ್ಟರು. ಕೂಡಿಸಬಹುದಾದ, ಗುಣಿಸಬಹುದಾದ ವಸ್ತುಗಳ ಒಂದು ಗುಂಪು. ಅದು ಮೂರು ಷರತ್ತುಗಳನ್ನು ಪಾಲಿಸುತ್ತದೆ ಎಂದು ಇಟ್ಟುಕೊಂಡರೆ, ಅದರ ಬಗ್ಗೆ ಏನೇನು ಹೇಳಬಹುದು? ಇದಿಷ್ಟೇ ಪ್ರಶ್ನೆ. ಎರಡು ತಿಂಗಳು ತಲೆ ಚಚ್ಚಿಕೊಂಡೆ. ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಆಮೇಲೆ ಒಂದು ದಿನ ನನ್ನದೇ ಒಂದು ನಾಲ್ಕನೆಯ ಷರತ್ತು ಸೇರಿಸಿದೆ. ಗಣಿತದಲ್ಲಿ ಹಾಗೆ ಮಾಡುವುದುಂಟು, ತಪ್ಪೇನಲ್ಲ. ಸೇರಿಸಿದ್ದೇ ತಡ, ಕಟ್ಟಿಕೊಂಡಿದ್ದ ಮೋರಿ ಬಿಟ್ಟುಕೊಂಡ ಹಾಗೆ ಎಲ್ಲ ಹರಿಯತೊಡಗಿತು. ಒಂದಾದ ಮೇಲೊಂದು ಪ್ರಮೇಯ. ಎಲ್ಲವೂ ನಾಲ್ಕೈದು ಸಾಲಿನಲ್ಲಿ ಮುಗಿಯುವ, ಚೆಂದವಾದ ಸಾಧನೆಗಳು. ಫೆಬ್ರವರಿಯ ಹೊತ್ತಿಗೆ ಹನ್ನೊಂದು ಆಗಿದ್ದವು.

ಪ್ರತಿ ಗುರುವಾರ ಅವುಗಳನ್ನು ಸರ್ ಮುಂದೆ ಬರೆದು ತೋರಿಸಿದೆ, ಕನ್ನಡದಲ್ಲಿ ವಿವರಿಸುತ್ತ. ಬೀಜಗಣಿತವನ್ನು ಕನ್ನಡದಲ್ಲಿ ಹೇಳುವುದನ್ನು ಅವರು ಹುಟ್ಟಿದ ಮೇಲೆ ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. "ಇದನ್ನ ಅದರಿಂದ ಕಳದ್ರ, ಉಳಿಯೂದು ಏನ್ರಿ ಸರ್?" ಎಂದು ನಾನು ಕೇಳಿದರೆ ಅವರು ಚಿಕ್ಕ ಹುಡುಗನ ಹಾಗೆ, "ಸೊನ್ನಿ!" ಎನ್ನುತ್ತಿದ್ದರು. ಬೋರ್ಡು ಚಿಕ್ಕದು, ಸಾಧನೆಗೇ ಜಾಗ ಸಾಲುತ್ತಿರಲಿಲ್ಲ. ಖಿಡಕಿ ಬರೆಯುವುದನ್ನು ನಾನು ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ. ನಲವತ್ತು ಜನರನ್ನು ಖಿಡಕಿಗಾಗಿ ಗೋಳು ಹೊಯ್ದುಕೊಂಡ ಸರ್, ಆ ಕೋಣೆಯಲ್ಲಿ ನನ್ನನ್ನು ಒಮ್ಮೆಯೂ ಕೇಳಲಿಲ್ಲ.

ಅವರು ಇನ್ನು ಕೆಲವೇ ವರ್ಷದಲ್ಲಿ ನಿವೃತ್ತರಾಗುವವರಿದ್ದರು. ಪಿಎಚ್.ಡಿಗೆ ಹೊಸಬರನ್ನು ತೆಗೆದುಕೊಳ್ಳಲು ಆ ವರ್ಷವೇ ಕೊನೆ. ಒಂದೇ ಜಾಗ ಉಳಿದಿತ್ತು, ಅದು ನನಗೆ ಎಂದು ಅವರು ಬಾಯಿ ಬಿಟ್ಟು ಹೇಳಿದ್ದರು. ಮನೆಯಲ್ಲಿ ಅಮ್ಮನಿಗೆ ಇದು ಬೇಡ. ಬಿ.ಎಡ್ ಮಾಡಿ ನಾಸಿಕದಲ್ಲೇ ಕೆಲಸ ಹಿಡಿ, ಕಣ್ಣ ಮುಂದಿರು ಎಂದು ಹಟ. ಅಪ್ಪ ಮಾತ್ರ, "ನಿಮ್ಮ ಸರ್ ಹೂಂ ಅಂದ್ರ ನಂದೂ ಹೂಂ," ಎಂದಿದ್ದರು. ನನಗೆ ಬೇಕಾದದ್ದು ಒಂದೇ ಆಗಿತ್ತು. ಇನ್ನೊಂದು ನಾಲ್ಕೈದು ವರ್ಷ, ಗುರುವಾರ ನಾಲ್ಕಕ್ಕೆ, ಆ ಕೋಣೆ.

ಪ್ರಬಂಧವನ್ನು ನಾಸಿಕದಲ್ಲೇ ಟೈಪ್ ಮಾಡಿಸಿ, ಕಪ್ಪು ರಟ್ಟು ಹಾಕಿಸಿ, ಮೌಖಿಕ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಬೆಳಗಿನ ಬಸ್ಸು ಹತ್ತಿದೆ. ಮಡಿಲಲ್ಲಿ ಮೂರು ಪ್ರತಿ. ಖುಷಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪರೀಕ್ಷೆಯ ದಿನ ಬೋರ್ಡಿನ ಮೇಲೆ ಎಲ್ಲಕ್ಕಿಂತ ಮೊದಲು ಏನು ಬರೆಯಲಿ ಎಂದು ಯೋಚಿಸಿದೆ. ಖಿಡಕಿ! ಸರ್‌ಗೆ ಖುಷಿಯಾಗುತ್ತದೆ. ಒಂದು ಚೆಂದದ ಉದಾಹರಣೆ ಹುಡುಕೋಣ ಅಂತ ಟಿಕೆಟ್ಟಿನ ಜೊತೆಗಿದ್ದ ಹಳೆಯ ಕಾಗದದ ಹಿಂದೆ ಬರೆಯತೊಡಗಿದೆ. ಎರಡು ವಸ್ತುಗಳ ಗುಂಪು ತೆಗೆದುಕೊಂಡೆ, ನಾಲ್ಕನೆಯ ಷರತ್ತಿಗೆ ಹೊಂದಲಿಲ್ಲ. ಮೂರು ತೆಗೆದುಕೊಂಡೆ, ಮೊದಲ ಷರತ್ತಿಗೆ ಹೊಂದಲಿಲ್ಲ. ನಾಲ್ಕು, ಐದು. ಯೇವಲೆಯಲ್ಲಿ ಪೈಠಣಿ ಸೀರೆಯ ಅಂಗಡಿಗಳ ಸಾಲು ದಾಟುವಾಗ ನನಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತ್ತು.

ವೈಜಾಪುರದಲ್ಲಿ ಬಸ್ಸು ನಿಂತಿತು. ಎಲ್ಲರೂ ಚಹಾಕ್ಕೆ ಇಳಿದರು. ನಾನು ಕೂತೇ ಇದ್ದೆ. ಸರ್ ಕೊಟ್ಟ ಮೂರು ಷರತ್ತುಗಳಿಂದ ಒಂದು ಮಾತು ಹೊರಡುತ್ತಿತ್ತು. ಗುಂಪಿನ ಯಾವ ವಸ್ತುವನ್ನಾದರೂ ತೆಗೆದುಕೊಂಡು ಅದನ್ನೇ ಎರಡು ಸಲ ಕೂಡಿಸಿದರೆ ಸೊನ್ನೆ ಬರುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ನನ್ನ ನಾಲ್ಕನೆಯ ಷರತ್ತನ್ನು ತಿರುಗಿಸಿ ಮುರುಗಿಸಿ ನೋಡಿದರೆ ಇನ್ನೊಂದು ಮಾತು ಹೊರಟಿತು. ಯಾವ ವಸ್ತುವನ್ನಾದರೂ ಮೂರು ಸಲ ಕೂಡಿಸಿದರೆ ಸೊನ್ನೆ ಬರುತ್ತದೆ. ಎರಡು ಸಲಕ್ಕೂ ಸೊನ್ನೆ, ಮೂರು ಸಲಕ್ಕೂ ಸೊನ್ನೆ. ಮೂರರಲ್ಲಿ ಎರಡು ಕಳೆದರೆ ಉಳಿಯುವುದು ಒಂದು. ಹಾಗಾದರೆ ಆ ಒಂದು ವಸ್ತುವೂ ಸೊನ್ನೆಯೇ. ನನ್ನ ಗುಂಪಿನಲ್ಲಿ ಸೊನ್ನೆ ಬಿಟ್ಟು ಇನ್ನೊಂದು ನರಪಿಳ್ಳೆಯೂ ಇರಲು ಸಾಧ್ಯವಿರಲಿಲ್ಲ.

ಹನ್ನೊಂದು ಪ್ರಮೇಯಗಳಲ್ಲಿ ಒಂದೂ ಸುಳ್ಳಲ್ಲ. ಒಂದು ಸಾಲೂ ತಪ್ಪಿಲ್ಲ. ಆದರೆ ಅವು ಯಾರ ಬಗ್ಗೆ ಹೇಳುತ್ತಿದ್ದವೋ ಅಂಥವರು ಜಗತ್ತಿನಲ್ಲೇ ಇಲ್ಲ. ಇಲ್ಲದ ಮನೆಗೆ ಎಂಟು ತಿಂಗಳು ಸುಣ್ಣ ಬಣ್ಣ ಬಳಿದು, ಪರದೆ ಕಟ್ಟಿ, ರಂಗೋಲಿ ಹಾಕಿದ್ದೆ. ಅದಕ್ಕೇ ಎಲ್ಲ ಅಷ್ಟು ಸಲೀಸಾಗಿ ಸಾಧಿಸಲ್ಪಡುತ್ತಿತ್ತು. ಸೊನ್ನೆಯ ಬಗ್ಗೆ ಏನು ಹೇಳಿದರೂ ನಡೆಯುತ್ತದಲ್ಲ. ಗಣಿತದವರನ್ನು ಬಿಟ್ಟು ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಅಡುಗೆಯವನಿಗೆ ಪಾತ್ರೆ ಖಾಲಿ ಇದ್ದರೆ ಕಾಣುತ್ತದೆ.

ಜನ ಮತ್ತೆ ಹತ್ತಿದರು. ಪಕ್ಕದ ಅಜ್ಜಿ ನನ್ನ ಮುಖ ನೋಡಿ, ಹೊಟ್ಟೆ ತೊಳಸುತ್ತದೇನೋ ಎಂದು ನಿಂಬೆಹಣ್ಣು ಕೊಟ್ಟರು. ಅದನ್ನು ಮೂಸುತ್ತ ಕೂತೆ.

ಆ ನಾಲ್ಕು ದಿನದಲ್ಲಿ ಒಂದು ಗುರುವಾರವಿತ್ತು. ಹೇಳಿಬಿಡಬೇಕೆಂದೇ ಹೋದೆ. ಸರ್ ಹೂಜಿಯ ನೀರು ಕುಡಿಯುತ್ತ, "ಬಾರವಾ. ನಿನ್ನ ಪ್ರಬಂಧ ಓದ್ಲಾಕ ತಗೊಂಡೀನಿ. ಎಷ್ಟು ಛಂದ ಬರ್ದಿ!" ಎಂದರು. ಹೇಳಿದರೆ ಅವರು ಡಬ್ಬಿಯಿಂದ ಸುಣ್ಣ ತೆಗೆದು, ಮರಾಠಿಯಲ್ಲಿ, ತರಗತಿಯ ದನಿಯಲ್ಲಿ, ಆಧೀ ಉದಾಹರಣ ಎನ್ನುತ್ತಾರೆ. ನಾನು ನಲವತ್ತರಲ್ಲಿ ಒಬ್ಬಳಾಗುತ್ತೇನೆ. ಆಮೇಲೆ ಆ ಕೋಣೆ ಆ ಕೋಣೆಯಾಗಿ ಉಳಿಯುವುದಿಲ್ಲ ಅನ್ನಿಸಿತು. ರೊಟ್ಟಿಯ ಡಬ್ಬಿ ಅವರ ಮುಂದಿಟ್ಟು ಊರ ಮಾತು ಆಡಿ ಎದ್ದು ಬಂದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಹಾಳೆ ತಿರುವಿ, ಬಹಳ ಅಚ್ಚುಕಟ್ಟಾಗಿದೆ ಎಂದರು. ಕೊನೆಯ ಪುಟದ ಗ್ರಂಥಗಳ ಪಟ್ಟಿಯಲ್ಲಿ ಎರಡು ಅಲ್ಪವಿರಾಮ ಬಿಟ್ಟುಹೋಗಿವೆ ಎಂದು ತೋರಿಸಿದರು. ನಾನು ಬೋರ್ಡಿನ ಮೇಲೆ ಖಿಡಕಿ ಬರೆದಿರಲಿಲ್ಲ. ಎಲ್ಲ ಮುಗಿಯುವಾಗ ಸರ್ ಎದ್ದು ನಿಂತರು, ಅಡಿಕೆ ಡಬ್ಬಿ ತೆರೆದು ಸುಣ್ಣದ ತುಂಡು ತೆಗೆದರು. ನನ್ನ ಕಣ್ಣು ತಾನಾಗಿ ಬೋರ್ಡಿನ ಎಡ ಮೂಲೆಗೆ ಹೋಯಿತು. ಅವರು ನನ್ನ ಮುಖ ನೋಡಿದರು, ಸುಣ್ಣವನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಕೂತರು. ಏನೂ ಕೇಳಲಿಲ್ಲ. ನನ್ನ ಅದೃಷ್ಟ ಗಟ್ಟಿ, ಮರೆತರು ಎಂದುಕೊಂಡೆ. ನನಗೆ ಆ ವರ್ಷದ ಎಲ್ಲರಿಗಿಂತ ಹೆಚ್ಚು ಅಂಕ ಬಂತು.

ಪಿಎಚ್.ಡಿ ಅರ್ಜಿಯನ್ನು ಅವರೇ ತಂದು ಇಟ್ಟುಕೊಂಡಿದ್ದರು. ನನ್ನ ಹೆಸರನ್ನೂ ತುಂಬಿದ್ದರು. ಸಹಿ ಹಾಕುವುದೊಂದೇ ಬಾಕಿ. ನಾನು ಕುರ್ಚಿಯ ಹಿಂದೆ ನಿಂತು ಸುಳ್ಳು ಹೇಳಿದೆ.

"ಮನ್ಯಾಗ ಬ್ಯಾಡ ಅಂತಾರ್ರಿ ಸರ್. ಬಿ.ಎಡ್ ಮಾಡು ಅಂತಾರ."

"ಅಪ್ಪನೂ?"

"ಅಪ್ಪನೂರಿ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಆಯ್ತವಾ," ಎಂದರು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಆ ಸೊನ್ನೆಯ ಮೇಲೆ ನಾಲ್ಕು ವರ್ಷದ ಸಂಶೋಧನೆ ಕಟ್ಟಿದರೆ ಒಂದು ದಿನ ಯಾರಾದರೂ ಖಿಡಕಿ ಕೇಳಿಯೇ ಕೇಳುತ್ತಾರೆ, ಕೊನೆಗಾಲಕ್ಕೆ ಸರ್ ಮರ್ಯಾದೆ ಮಣ್ಣುಪಾಲಾಗುತ್ತದೆ, ಅದಕ್ಕೇ ಬಿಟ್ಟೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ದೊಡ್ಡ ತ್ಯಾಗ ಮಾಡಿದವಳ ಹಾಗೆ ಓಡಾಡಿಕೊಂಡಿದ್ದೆ. ಅದು ಅವರ ಮರ್ಯಾದೆಯ ಪ್ರಶ್ನೆಯಾಗಿರಲಿಲ್ಲ, ನನ್ನದು. ಅವರ ಎದುರು ಪೆದ್ದಿಯಾಗಿ ನಿಲ್ಲುವುದಕ್ಕಿಂತ ಅವರ ಎದುರು ನಿಲ್ಲದೇ ಇರುವುದು ಸುಲಭವಾಗಿ ಕಂಡಿತು. ಆ ವರ್ಷ ಅವರು ಎರಡು ಸಲ ಫೋನ್ ಮಾಡಿದರು. ಫೋನು ಮೇಜಿನ ಮೇಲೆ ಬಡಿದುಕೊಂಡು ಸುಮ್ಮನಾಗುವವರೆಗೆ ನೋಡುತ್ತ ನಿಂತೆ. ಮೂರನೆಯ ಸಲ ಮಾಡಲಿಲ್ಲ.

ಬಿ.ಎಡ್ ಆಯಿತು, ಮದುವೆಯಾಯಿತು, ಪಿಂಪಳಗಾಂವಿನ ಕೆಲಸ ಸಿಕ್ಕಿತು. ಕಲಿಸುವುದು ನನಗೆ ಇಷ್ಟ, ಸುಳ್ಳು ಹೇಳಲಾರೆ. ಈರುಳ್ಳಿ ಹರಾಜಿನ ದಿನ ಅರ್ಧ ತರಗತಿ ಅಪ್ಪಂದಿರ ಟ್ರ್ಯಾಕ್ಟರಿನ ಮೇಲಿರುತ್ತದೆ. ದ್ರಾಕ್ಷಿಯ ಸುಗ್ಗಿಯಲ್ಲಿ ಹುಡುಗಿಯರ ಬೆರಳೆಲ್ಲ ಅಂಟು. ಆ ಬೆರಳಲ್ಲೇ ಸುಣ್ಣ ಹಿಡಿದು ಮೂಲೆಯಲ್ಲಿ ಖಿಡಕಿ ಬರೆಯುತ್ತಾರೆ. ಬರೆಯದಿದ್ದರೆ ನಾನು ಬೋರ್ಡಿನ ಹತ್ತಿರ ನಿಲ್ಲಗೊಡುವುದಿಲ್ಲ. ನನ್ನ ಹಿಂದೆಯೂ ಆಡಿಕೊಳ್ಳುತ್ತಾರೆ, ಗೊತ್ತು. ಎಲ್ಲ ಸರಿಯಾಗಿದೆ. ಗುರುವಾರ ನಾಲ್ಕು ಗಂಟೆಯೊಂದು ಬರದಿದ್ದರೆ ಎಲ್ಲ ಸರಿಯಾಗಿಯೇ ಇದೆ.

ಈ ವರ್ಷ ಹನ್ನೆರಡನೆಯ ತರಗತಿಯ ಉತ್ತರ ಪತ್ರಿಕೆ ತಪಾಸಣೆಯ ಸಭೆಗೆ ನನ್ನನ್ನು ಸಂಭಾಜಿನಗರಕ್ಕೆ ಕರೆದರು. ಸಭೆ ಮಧ್ಯಾಹ್ನಕ್ಕೇ ಮುಗಿಯಿತು. ನಾಸಿಕದ ಬಸ್ಸಿಗೆ ಇನ್ನೂ ಮೂರು ತಾಸಿತ್ತು. ಅಂದು ಗುರುವಾರ. ಅದು ನನ್ನ ತಪ್ಪಲ್ಲ, ಸಭೆಯನ್ನು ಇಟ್ಟವರು ಪರೀಕ್ಷಾ ಮಂಡಳಿಯವರು. ರಿಕ್ಷಾದವನಿಗೆ ಸರ್ ಮನೆಯ ವಿಳಾಸ ಹೇಳಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಕನ್ನಡದಲ್ಲಿ ಕಂಠಪಾಠ ಮಾಡಿದೆ. ಒಂದೂ ಪಣ್ ಬರದ ಹಾಗೆ ಮಾಡಿದೆ.

ಬಾಗಿಲು ತೆರೆದವರು ಅವರ ಹೆಂಡತಿ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. ರೊಟ್ಟಿ ಕಳಿಸುತ್ತಿದ್ದವಳಲ್ಲವೇ ಎಂದು ಮರಾಠಿಯಲ್ಲಿ ಕೇಳಿ ಒಳಗೆ ಕರೆದರು. ಆಮೇಲೆ ನನ್ನ ಕೈ ಹಿಡಿದು ನಿಲ್ಲಿಸಿ, ಅವರಿಗೆ ಎರಡು ವರ್ಷದಿಂದ ಕಿವಿ ಕೇಳುವುದಿಲ್ಲ, ಕಿವಿಗೆ ಹಾಕುವ ಯಂತ್ರದಿಂದಲೂ ಉಪಯೋಗವಾಗಲಿಲ್ಲ, ಹೇಳುವುದೇನಿದ್ದರೂ ಬರೆದು ತೋರಿಸು ಎಂದರು.

ಸರ್ ಬಾಲ್ಕನಿಯಲ್ಲಿದ್ದರು. ಗೋಡೆಗೆ ಒಂದಿಷ್ಟು ಭಾಗ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದರು. ಮೊಮ್ಮಗಳ ಮಗ್ಗಿ ಅರ್ಧ ಅಳಿಸಿಹೋಗಿತ್ತು. ನನ್ನನ್ನು ನೋಡಿ ಕುರ್ಚಿಯ ತುದಿಗೆ ಸರಿದರು. ಆಮೇಲೆ ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಇಡೀ ಓಣಿಗೆ ಕೇಳುವ ಹಾಗೆ, "ಈಗ ಬಂದೇನವಾ?" ಎಂದರು.

ನನ್ನ ಕಂಠಪಾಠವೆಲ್ಲ ವ್ಯರ್ಥವಾಯಿತು. ಎಂಟು ವರ್ಷ ಕಾಯಿಸಿ ತಂದ ಮಾತು, ಕೇಳಲು ಕಿವಿಯೇ ಇಲ್ಲ. ಅಳು ಬಂತು. ಅಳುತ್ತಲೇ ಬೋರ್ಡಿನ ಹತ್ತಿರ ಹೋಗಿ ಮಗ್ಗಿ ಒರೆಸಿದೆ. ಎಡ ಮೂಲೆಯಲ್ಲಿ ಖಿಡಕಿ ಬರೆದೆ. ಪಕ್ಕದಲ್ಲಿ ನಾಲ್ಕು ಷರತ್ತು. ಅವುಗಳ ಕೆಳಗೆ ಬಸ್ಸಿನಲ್ಲಿ ಮಾಡಿದ್ದನ್ನೆಲ್ಲ ಬರೆದೆ. ಎರಡು ಸಲ ಕೂಡಿಸಿದರೆ ಸೊನ್ನೆ, ಮೂರು ಸಲ ಕೂಡಿಸಿದರೆ ಸೊನ್ನೆ, ಆದ್ದರಿಂದ ಎಲ್ಲವೂ ಸೊನ್ನೆ. ಖಿಡಕಿ ಖಾಲಿ ಬಿಟ್ಟು ಬದಿಗೆ ಸರಿದು ನಿಂತೆ.

ಅವರು ಎದ್ದು ಬಂದರು. ಅಂಗಿಯ ಜೇಬಿನಿಂದ ಅದೇ ಡಬ್ಬಿ ತೆಗೆದರು, ಬಣ್ಣ ಹೋಗಿ ತಗಡು ಕಾಣುತ್ತಿತ್ತು. ಖಾಲಿ ಖಿಡಕಿಯೊಳಗೆ ಒಂದು ದೊಡ್ಡ ಸೊನ್ನೆ ಬರೆದರು.

"ಖಾಲಿ ಯಾಕ ಬಿಟ್ಟಿ?" ಎಂದರು. "ಉದಾಹರಣಿ ಅದ ನೋಡು, ಸೊನ್ನಿ. ಒಂದಾದ್ರೂ ಅದ."

ನನಗೆ ಅಳುವಿನಲ್ಲೇ ನಗು ಬಂತು. ಆಮೇಲೆ ತಿಳಿಯಿತು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಸುಣ್ಣ ಎತ್ತಿಕೊಂಡು ದೊಡ್ಡಕ್ಷರದಲ್ಲಿ ಕನ್ನಡದಲ್ಲಿ ಬರೆದೆ: ನಿಮಗ ಗೊತ್ತಿತ್ತೇನ್ರಿ?

"ಪರೀಕ್ಷಿ ದಿನ ಮುಂಜಾನಿ ಚಹಾ ಕುಡೀತಾ ಗೊತ್ತಾಯ್ತು. ಇಷ್ಟ ಮಂದಿಗಿ ಖಿಡಕಿ ಖಿಡಕಿ ಅಂತ ಹೊಡ್ಕೊಂಡಾಂವ, ನಿನಗ ಒಂದ್ಸಲಾನೂ ಕೇಳ್ಲಿಲ್ಲ ನೋಡು. ನಿನ್ನ ಮಾತು ಕೇಳ್ಕೋತ ಕುಂತ್ರ ಗಣಿತದ ಮ್ಯಾಲ ಲಕ್ಷ್ಯಾನೇ ಇರ್ತಿರ್ಲಿಲ್ಲ." ಅವರು ಬೋರ್ಡಿಗೆ ಕೈ ಊರಿದರು. "ಪರೀಕ್ಷ್ಯಾಗ ಕೇಳಬೇಕಂತ ಎದ್ದಿದ್ದೆ. ನಿನ್ನ ಮಾರಿ ನೋಡ್ದೆ. ನಿನಗೂ ಗೊತ್ತದ ಅಂತ ತಿಳೀತು. ಕುಂತೆ."

ಯಾಕ ಹೇಳಲಿಲ್ರಿ? ಎಂದು ಬರೆದೆ.

ಅವರು ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ. ಯಾರೋ ಕನ್ನಡದಲ್ಲಿ ಬರೆದದ್ದು ಅವರ ಮನೆಯ ಗೋಡೆಯ ಮೇಲೆ ಅಂದೇ ಮೊದಲಿರಬೇಕು.

"ಹೇಳಿದ್ರ ನೀ ನಾಚ್ಕೊಂಡು ಗುರುವಾರ ಬರೂದು ಬಿಡ್ತಿದ್ದಿ," ಎಂದರು.

ನಾನು ಹೇಳದೇ ಇದ್ದದ್ದೂ ಅದಕ್ಕೇ. ಒಂದೇ ಗುರುವಾರವನ್ನು ಇಬ್ಬರೂ ಎರಡು ಕಡೆಯಿಂದ ಬಚ್ಚಿಟ್ಟುಕೊಂಡು ಕಾಪಾಡಲು ಹೋಗಿದ್ದೆವು. ನಡುವೆ ಎಂಟು ವರ್ಷದ ಗುರುವಾರಗಳು ಹೋಗಿಬಿಟ್ಟವು. ಅವರ ಕಿವಿ ಹೋಯಿತು. ಆ ಮೊದಲ ಮೂರು ಷರತ್ತಿನ ಪ್ರಶ್ನೆ ಹಾಗೇ ಬಿದ್ದಿತ್ತು. ನಾಲ್ಕನೆಯದನ್ನು ಒರೆಸಿ ಮತ್ತೆ ಶುರುಮಾಡಿದ್ದರೆ ಸಾಕಿತ್ತು, ಆ ಶುರುವಿಗೆ ಒಂದು ಮಧ್ಯಾಹ್ನ ಬೇಕಿತ್ತು ಅಷ್ಟೇ. ನನಗೆ ಅವರ ಮೇಲೂ ಸಿಟ್ಟು ಬಂತು, ನನ್ನ ಮೇಲೂ. ಅದನ್ನೆಲ್ಲ ಬರೆಯಬೇಕೆಂದು ಮತ್ತೆ ಸುಣ್ಣ ಎತ್ತಿದೆ. ಅವರು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು, ಮೊದಲ ದಿನ ಆ ಹುಡುಗನ ಕೈಯಿಂದ ಕಸಿದುಕೊಂಡ ಹಾಗೆ. ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಬರೀಬ್ಯಾಡ. ಮಾತಾಡು."

ನಾನು ಕಿವಿ ಮುಟ್ಟಿ ತೋರಿಸಿ ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಕೇಳ್ಸಲ್ಲ, ನನಗ ಗೊತ್ತದ. ಆದ್ರೂ ಮಾತಾಡು. ನಿನ್ನ ಬಾಯಿ ನೋಡ್ತೀನಿ." ಅವರು ಕುರ್ಚಿ ಎಳೆದು ನನ್ನ ಎದುರಿಗೆ ಕೂತರು, ಹಳೆಯ ಕೋಣೆಯಲ್ಲಿ ಕೂರುತ್ತಿದ್ದ ಹಾಗೇ ಒರಗಿ. "ಹಾಂ, ಹೇಳು. ಮನ್ಯಾಗ ಏನ್ ಮಾಡ್ಯಾರ ಇವತ್ತ?"

ಒಳಗೆ ಗಡಿಯಾರದಲ್ಲಿ ನಾಲ್ಕೂಕಾಲಾಗಿತ್ತು. ಇನ್ನೊಂದು ತಾಸಿನಲ್ಲಿ ನಾನು ಬಸ್ ನಿಲ್ದಾಣದಲ್ಲಿರಬೇಕು. ಕಣ್ಣೊರೆಸಿಕೊಂಡೆ. ಏನು ಹೇಳಲಿ, ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ ಬಾಯಿ ತೆರೆದೆ.

"ಸರ್, ಪಣ್..." ಎಂದೆ.

ಅವರ ಕಣ್ಣು ನನ್ನ ತುಟಿಯ ಮೇಲೇ ಇತ್ತು. ಮೆಲ್ಲಗೆ ಬೆರಳೆತ್ತಿದರು.

"ಆದ್ರ," ಎಂದರು.